ನಾಯಿ ಖರ್ಚಿನ ರೊಕ್ಕ ಚಳಿಗಾಲದಾಗೇ ಕೂಡಿಸಿಟ್ಟೆ

ಎರಡು ವರ್ಷ ಆತು, ನಮ್ಮ ಲ್ಯಾಬ್ರಡಾರ್ ಸಲುವಾಗಿ ಯಾರ ಹತ್ರಾನೂ ಕೈಗಡ ಕೇಳಿಲ್ಲ. ತಿಂಗಳ ಪಗಾರ ಸುಮಾರು 38 ಸಾವಿರ, ಇಬ್ಬರು ಮಕ್ಕಳ ಸಾಲಿ ಫೀ, ಮ್ಯಾಲ ಕಲಬುರಗಿ ಬಿಸಲು. ಸ್ವಲ್ಪ ಜಂಬ ಕೊಚ್ಚಿಕೊಂಡರ ಬೈಬ್ಯಾಡ್ರಿ.

ಮೊದಲು ಎಲ್ಲಾರೂ ಹೇಳೋ ಹಂಗ ವರ್ಷದ ಖರ್ಚು ಕೂಡಿಸಿ 12ರಿಂದ ಭಾಗಿಸಿ, ತಿಂಗಳಿಗೆ 3 ಸಾವಿರದ ಮ್ಯಾಲ ತಗದಿಟ್ಟೆ. ಜೂನ್‌ದಾಗ ಆಟ ಮುಗೀತು. ಸಾಲಿ ಫೀ, ಪುಸ್ತಕ, ಅದರ ಬೆನ್ನಿಗೆ ಮಳಿ, ಮಳಿ ಬೆನ್ನಿಗೆ ಉಣ್ಣಿ. ಉಣ್ಣಿ ಜ್ವರ ಬಂದು ಪ್ಲೇಟ್‌ಲೆಟ್ ಇಳೀತು. ರಕ್ತ ಪರೀಕ್ಷೆ, ಸಲಾಯಿನ್, ತಿಂಗಳತನಕ ಡಾಕ್ಸಿಸೈಕ್ಲಿನ್ ಗುಳಗಿ, ಎಲ್ಲಾ ಸೇರಿ 7 ಸಾವಿರದ ಹತ್ರ. ಬೀದರಿನ ಪಶುವೈದ್ಯಕೀಯ ಕಾಲೇಜಿಗೂ ಒಯ್ದೆ. ಅಲ್ಲಿ ತಪಾಸಣಿಗಿ ಹೋದ ರೊಕ್ಕ ಸಣ್ಣದು, ಆದರ ಒಂದು ಕಡಿಗೇ ಸುಮಾರು 110 ಕಿ.ಮೀ., ಹೋಗಿ ಬರೋ ಗಾಡಿ ಬಾಡಿಗಿಯೇ 3 ಸಾವಿರ ದಾಟ್ತು. ಬ್ಯಾಂಕಿನಾಗ ತಿಂಗಳಾ ತಿಂಗಳಾ ರೊಕ್ಕ ಕಟ್ಟೋ ಆರ್‌ಡಿ ಮಾಡಿದ್ದೂ ಆತು. ನಡುವ ಮುರಿಸಿ ಬಡ್ಡಿ ಕಳಕೊಂಡೆ.

ಆಮ್ಯಾಲ ನವೆಂಬರ್‌ದಿಂದ ಫೆಬ್ರವರಿತನಕ ತಿಂಗಳಿಗೆ 4,500, ಉಳಿದ ಎಂಟು ತಿಂಗಳು 2,500 ಬ್ಯಾರೆ ಖಾತಿಗೆ ಹಾಕಲಿಕ್ಕೆ ಶುರು ಮಾಡ್ದೆ. ವರ್ಷಕ್ಕ 38 ಸಾವಿರ. ಚಳಿಯಾಗ ಕೂಲರೂ ಇಲ್ಲ, ಫೀನೂ ಇಲ್ಲ, ಕೈಯಾಗ ರೊಕ್ಕ ಇರ್ತದ. ದೊಡ್ಡಣ್ಣ ನಕ್ಕ: "ನಾಯಿಗೆ ಖಾತಿ ತಗದಿ, ಇನ್ನ ಪಾನ್ ಕಾರ್ಡೂ ಮಾಡಿಸು." ಎಟಿಎಂ ಕಾರ್ಡು ಮನಿಯಾಕಿ ಹತ್ರ ಇಟ್ಟೀನಿ. ನನ್ನ ಕೈಯಾಗ ಇದ್ದರ ಪೆಟ್ರೋಲಿಗೆ ಹೋಗ್ತಿತ್ತು.

ಊಟಕ್ಕ ತಿಂಗಳಿಗೆ 1,800. ಬರೀ ಪಾಕೀಟಿನ ಫುಡ್ ಹಾಕಿದಾಗ 3 ಸಾವಿರ ಮೀರ್ತಿತ್ತು. ಈಗ ಜೋಳದ ನುಚ್ಚು, ಕೋಳಿ, ತತ್ತಿ, ವಾರಕ್ಕೊಮ್ಮೆ ಕಲೇಜಿ. ಪಾಕೀಟು ಅರ್ಧಕ್ಕ ಇಳೀತು. ಕೋಳಿ ಯಾವ ಅಂಗಡ್ಯಾಗ ತರ್ತೀನಿ ಅಂತ ಹೇಳಂಗಿಲ್ಲ, ಹೇಳಿದರ ರೇಟು ಏರ್ತದ. ತೊಗರಿ ನಾಡಿನಾಗ ಇದ್ದು ಬ್ಯಾಳಿ ಬಿಡೋದ್ಯಾಕ ಅಂತ ಅದನ್ನೂ ಕುದಿಸಿ ಹಾಕಿ ನೋಡ್ದೆ. 2019ರಾಗ ಜಿಐ ಟ್ಯಾಗ್, ಅಂದ್ರ ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕ ಬ್ಯಾಳಿ! ನಾಯಿಗೆ ಗ್ಯಾಸ್ ಆಗಿ, ರಾತ್ರಿ ಅದರ ಜೋಡಿ ಒಂದೇ ಖೋಲ್ಯಾಗ ಮಲಗೋದು ಆಗಲಿಲ್ಲ. ಮ್ಯಾಲ ಬ್ಯಾಳಿ ಜೋಳಕ್ಕಿಂತ ತುಟ್ಟಿ.

ಮಾರ್ಚ್‌ದಿಂದ ಮೇತನಕ ಕೂಲರ್ ಸಲುವಾಗಿ ಕರೆಂಟ್ ಬಿಲ್ ತಿಂಗಳಿಗೆ ಸಾವಿರದ ಮ್ಯಾಲ ಏರ್ತದ. ಹಸಿ ಗೋಣಿಚೀಲ ಹಾಸಿದರ ಮಧ್ಯಾಹ್ನ ಒಂದಿಷ್ಟು ಹೊತ್ತು ಬಂದ್ ಇಡಬಹುದು. ಮದುವಿಗೆ ಊರಿಗೆ ಹೋದರ ಓಣಿ ಹುಡುಗ ದಿನಕ್ಕ 150 ತಗೊಂಡು ನೋಡ್ಕೋತಾನ. ರೇಬೀಸ್ ಲಸಿಕಿ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತ ಪುಕ್ಕಟ ಶಿಬಿರ ನಡದಾಗ ಹಾಕಸ್ತೀನಿ. ಉಳಿದ ಲಸಿಕಿಗೆ ಸಾವಿರ-ಒಂದೂವರೆ ಸಾವಿರ. ಉಣ್ಣಿ ಗುಳಗಿ ತುಟ್ಟಿ ಖರೆ, ಆದರ ಮಳಿ ಬೀಳೋಕಿಂತ ಮೊದಲೇ ಕೊಡ್ರಿ. ಜ್ವರದ ಬಿಲ್ ಮುಂದ ಅದು ಏನೂ ಅಲ್ಲ. ಅಂಗಳದಾಗ ಉಣ್ಣಿ ಹ್ಯಾಂಗ ಕಡಿಮಿ ಮಾಡ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಹೋದ ಅಕ್ಟೋಬರ್ ಕೊನಿಗೆ ಖಾತಿಯಾಗ 4 ಸಾವಿರದ ಚಿಲ್ಲರ ಉಳಿದಿತ್ತು. ನಾಯಿಗೆ ಆರು ವರ್ಷ ಆತು, ಲ್ಯಾಬ್ರಡಾರ್‌ಗಳಿಗೆ ಟೊಂಕದ ಕೀಲಿನ ಕಾಟ ಬರೋದು ಜಾಸ್ತಿ. ಎಕ್ಸ್‌ರೇ ಸಲುವಾಗಿ ಆ ಉಳಿದ ರೊಕ್ಕ ಮುಟ್ಟದ ಇಟ್ಟೀನಿ.