ನಾಜಲ್ ಬಿಚ್ಚುವ ಮುನ್ನ: ಹಳೆ ಟ್ರ್ಯಾಕ್ಟರಿನ ಇಂಜೆಕ್ಟರ್ ಪರೀಕ್ಷೆ, ಬದಲಾವಣೆ

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯ ಗ್ಯಾರೇಜುಗಳಲ್ಲಿ ಹೆಚ್ಚು ಕೇಳಿಬರುವ ದೂರು ಇದು: 'ಟ್ರ್ಯಾಕ್ಟರ್ ಎಳೀಲತ್ತಿಲ್ಲ, ಕರೀ ಹೊಗಿ ಬಿಡ್ಲತ್ತದ.' ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರಿನ ತುದಿ) ಹೋಗಿದೆ, ಮೂರೂ ಸಿಲಿಂಡರಿನವನ್ನು ಬದಲಿಸಿ ಎಂಬ ಸಲಹೆಯೂ ಅಷ್ಟೇ ಬೇಗ ಸಿಗುತ್ತದೆ. ದಯವಿಟ್ಟು ಒಪ್ಪಬೇಡಿ. ಯಾವ ಸಿಲಿಂಡರ್ ಸುಸ್ತಾಗಿದೆ ಎಂದು ಖಚಿತವಾಗುವವರೆಗೆ ಇಂಜೆಕ್ಟರಿಗೆ ಕೈ ಹಾಕಬಾರದು.

ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೆ ಟ್ರ್ಯಾಕ್ಟರ್, ಜೀಪುಗಳಿಗೆ ಮಾತ್ರ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅದು ಓಡುವಾಗ ಪೈಪ್ ಸಡಿಲಿಸಿದರೆ ಜೀವಕ್ಕೇ ಅಪಾಯ.

ಕಪ್ಪು ಹೊಗೆ ಕಂಡರೆ ಮೊದಲು ಏರ್ ಕ್ಲೀನರ್ ನೋಡಿ. ರಾಶಿ ಮಷೀನಿನ ಪಕ್ಕದಲ್ಲೇ ದಿನವಿಡೀ ನಿಂತ ಟ್ರ್ಯಾಕ್ಟರಿನ ಏರ್ ಕ್ಲೀನರಿನ ಎಣ್ಣೆ ಬಟ್ಟಲು ತೊಗರಿ ಹೊಟ್ಟು, ಧೂಳು ಸೇರಿ ಕೆಸರಾಗಿರುತ್ತದೆ. ಉಸಿರು ಕಟ್ಟಿದ ಎಂಜಿನ್ ಕಪ್ಪು ಹೊಗೆ ಬಿಡದೆ ಇನ್ನೇನು ಮಾಡೀತು? ಆಮೇಲೆ ಡೀಸೆಲ್ ಫಿಲ್ಟರ್, ಅದರ ತಳದ ನೀರು, ಪೈಪಿನಲ್ಲಿ ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂಬುದು. ಇವೆಲ್ಲ ಸರಿಯಿದ್ದೂ ಐಡಲಿಂಗ್‌ನಲ್ಲಿ ಎಂಜಿನ್ ತಡವರಿಸಿ ಮಿಸ್ ಹೊಡೆಯುತ್ತಿದ್ದರೆ, ಒಂದೇ ಸಿಲಿಂಡರಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅನುಮಾನ ಇಂಜೆಕ್ಟರಿನ ಮೇಲೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರಂತೂ ಗಾಡಿ ಅಲ್ಲೇ ನಿಲ್ಲಿಸಿ. ಎಲ್ಲಿಂದಲೋ ಡೀಸೆಲ್ ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತಿದೆ. ಸೋರುವ ನಾಜಲ್ ಅದಕ್ಕೊಂದು ಸಾಮಾನ್ಯ ಕಾರಣ, ಪಂಪಿನ ಸೀಲನ್ನೂ ನೋಡಿಸಬೇಕು. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಯಾವ ಸಿಲಿಂಡರ್?

ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಬಿಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಮೊದಲ ಇಂಜೆಕ್ಟರಿನ ಮೇಲಿನ ಪೈಪ್ ನಟ್ಟಿಗೆ ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಸದ್ದು ಬದಲಾಗಿ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ನಟ್ ಬಿಗಿದು ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಏನೂ ವ್ಯತ್ಯಾಸವಾಗದ ಸಿಲಿಂಡರೇ ಸುಸ್ತಾಗಿರುವುದು.

ಆದರೆ ತಪ್ಪು ನಾಜಲಿನದೇ ಎಂದು ಇನ್ನೂ ಹೇಳುವಂತಿಲ್ಲ. ಸಿಲಿಂಡರಿನ ಕಂಪ್ರೆಷನ್ (ಗಾಳಿ ಒತ್ತುವ ಬಲ) ಹೋಗಿರಬಹುದು, ಪಂಪಿನಲ್ಲಿ ಡೀಸೆಲ್ ತಳ್ಳುವ ಎಲಿಮೆಂಟ್ ಸವೆದಿರಬಹುದು. ಎಂಜಿನ್ ತಣ್ಣಗಾದ ಮೇಲೆ, ಮುಂದೆ ಹೇಳಿದಂತೆ ಬಿಚ್ಚಿ ಆ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ ಮತ್ತೆ ಪರೀಕ್ಷಿಸಿ. ಮಿಸ್ ಇಂಜೆಕ್ಟರಿನ ಜೊತೆಗೇ ಹೋದರೆ ಅದೇ ಕೆಟ್ಟಿದೆ. ಹಳೇ ಜಾಗದಲ್ಲೇ ಉಳಿದರೆ ಹೊಸ ನಾಜಲಿಗೆ ದುಡ್ಡು ಸುರಿಯಬೇಡಿ. ಇಷ್ಟು ತಾಳ್ಮೆ ಸಾವಿರಾರು ರೂಪಾಯಿ ಉಳಿಸುತ್ತದೆ.

ಡೀಸೆಲ್ ಎಲ್ಲಿ ಚಿಮ್ಮುತ್ತಿದೆ ಎಂದು ಬೆರಳಿಟ್ಟು ನೋಡುವ ಚಾಳಿ ಮಾತ್ರ ಬೇಡವೇ ಬೇಡ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಬಿಚ್ಚುವುದು

ಕಳದಲ್ಲಿ ನಿಲ್ಲಿಸಿ ಬಿಚ್ಚಬೇಡಿ. ನಾಜಲ್ ಮತ್ತು ಅದರೊಳಗಿನ ಸೂಜಿಯ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗದಷ್ಟು. ನಮ್ಮ ಎರೆಮಣ್ಣಿನ ಕಣ್ಣಿಗೆ ಕಾಣದ ಧೂಳೂ ಅದನ್ನು ಗೀರುತ್ತದೆ. ಗಾಳಿಯಿಲ್ಲದ ನೆರಳಲ್ಲಿ, ತಣ್ಣಗಾದ ಎಂಜಿನ್ ಮೇಲೆ ಕೆಲಸ ಮಾಡಿ. ಸುತ್ತಲ ಜಿಡ್ಡನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದ ಮೇಲೆಯೇ ಸ್ಪ್ಯಾನರ್ ಎತ್ತಿಕೊಳ್ಳಿ. ಪೈಪ್ ಬಿಚ್ಚುವಾಗ ಪಂಪಿನ ಕಡೆ ಪೈಪ್ ಕೂರುವ ಹೋಲ್ಡರನ್ನು ಇನ್ನೊಂದು ಸ್ಪ್ಯಾನರಿನಿಂದ ತಿರುಗದಂತೆ ಹಿಡಿಯಿರಿ. ತೆರೆದ ಬಾಯಿಗಳನ್ನೆಲ್ಲ ಶುಭ್ರ ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಹತ್ತಿ ಬೇಡ, ಎಳೆ ಒಳಗೆ ಹೋಗುತ್ತದೆ.

ಇಂಜೆಕ್ಟರ್ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕಾದು, ಅತ್ತಿತ್ತ ತಿರುಗಿಸುತ್ತ ಮೇಲೆತ್ತಿ. ಹೊರಬಂದ ಕೂಡಲೇ ಟಾರ್ಚ್ ಬಿಟ್ಟು ರಂಧ್ರದ ತಳ ನೋಡಿ. ತಾಮ್ರದ ವಾಷರ್ ಎಷ್ಟೋ ಸಲ ಅಲ್ಲೇ ಅಂಟಿರುತ್ತದೆ. ಅದರ ಮೇಲೆ ಹೊಸ ವಾಷರ್ ಕೂರಿಸಿದರೆ ನಾಜಲಿನ ತುದಿ ಮೇಲೇರಿ, ಸ್ಪ್ರೇ ಬೀಳುವ ಜಾಗವೇ ತಪ್ಪುತ್ತದೆ. ಹಳೆ ವಾಷರ್ ತೆಗೆದು, ಮಸಿ ಕೆರೆದು, ಸೀಟ್ ಒರೆಸಿ.

ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಕೈಪಂಪಿನ ಟೆಸ್ಟರ್ ಇರುತ್ತದೆ. ಪರೀಕ್ಷೆ ಮಾಡುವಾಗ ನೀವೂ ಅಲ್ಲೇ ಪಕ್ಕದಲ್ಲಿ ನಿಂತು ನೋಡಿ. ಇಂಜೆಕ್ಟರ್ ಎಷ್ಟು ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಮೊದಲ ಪ್ರಶ್ನೆ. ನೇರ ಇಂಜೆಕ್ಷನ್ನಿನ ಹಳೆ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 180ರಿಂದ 250 ಬಾರ್, ನಿಮ್ಮ ಗಾಡಿಯ ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ. ಸ್ಪ್ರೇ ಬೆಳೆಗೆ ಔಷಧಿ ಹೊಡೆದಂತೆ ಮಂಜಾಗಿ ಬರಬೇಕು, ಧಾರೆಯಾಗಿ ಅಲ್ಲ. ತೆರೆಯುವ ಒತ್ತಡಕ್ಕಿಂತ ತುಸು ಕಡಿಮೆ ಒತ್ತಡದಲ್ಲಿ ಹತ್ತು ಸೆಕೆಂಡು ಹಿಡಿದರೂ ತುದಿಯಿಂದ ಹನಿ ಬೀಳಬಾರದು.

ಹೆಚ್ಚಿನ ಸಲ ನಾಜಲನ್ನು ಹಿಡಿದಿರುವ ಇಂಜೆಕ್ಟರ್ ಹೋಲ್ಡರ್ ಚೆನ್ನಾಗಿರುತ್ತದೆ, ನಾಜಲ್ ಬದಲಿಸಿದರೆ ಸಾಕು. ಹಳೆ ಮೆಕ್ಯಾನಿಕ್‌ಗಳು ಈಗಲೂ 'ಮೈಕೋ' ಎಂದೇ ಕೇಳುತ್ತಾರೆ. 1951ರಲ್ಲಿ ಹುಟ್ಟಿದ, ಬೆಂಗಳೂರಿನ ಆ ಕಂಪನಿಯೇ ಭಾರತದ ಇಂದಿನ ಬಾಷ್. ಹೆಸರಿಗಿಂತ ನಾಜಲಿನ ಮೇಲೆ ಕೊರೆದ ನಂಬರ್ ಮುಖ್ಯ. ಡಿಎಲ್‌ಎಲ್‌ಎ ಅಕ್ಷರಗಳ ಮುಂದಿನ 150ರಂಥ ಅಂಕಿ ಸ್ಪ್ರೇ ಹರಡುವ ಕೋನ. ಪೂರ್ತಿ ನಂಬರ್ ತಾಳೆಯಾಗದ ನಾಜಲ್ ಎಷ್ಟೇ ಅಗ್ಗವಿದ್ದರೂ ಬೇಡ. ನಾಜಲ್, ಸೂಜಿ ಜೋಡಿಯಾಗಿಯೇ ತಯಾರಾದವು. ಒಂದರ ಸೂಜಿ ಇನ್ನೊಂದಕ್ಕೆ ಹಾಕಬಾರದು.

ಕೂರಿಸಿ, ಗಾಳಿ ತೆಗೆಯಿರಿ

ಹೊಸ ತಾಮ್ರದ ವಾಷರ್ ಒಂದೇ ಒಂದು. ಕ್ಲ್ಯಾಂಪಿನ ಎರಡೂ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ, ಮ್ಯಾನುಯಲ್ ಹೇಳಿದ ಟಾರ್ಕಿನವರೆಗೆ (ಬಿಗಿತದ ಅಳತೆ) ಬಿಗಿಯಿರಿ. ಬಲ ಹಾಕಿ ಒಂದೇ ಕಡೆ ಬಿಗಿದರೆ ಒಳಗೆ ಸೂಜಿ ಸಿಕ್ಕಿಕೊಳ್ಳುತ್ತದೆ. ಪೈಪ್ ನಟ್ಟುಗಳನ್ನು ಮೊದಲು ಬೆರಳಲ್ಲೇ ಏರಿಸಿ.

ಇನ್ನು ಗಾಳಿ. ಕೈಯಿಂದ ಡೀಸೆಲ್ ತಳ್ಳುವ ಪ್ರೈಮಿಂಗ್ ಲಿವರ್ ಒತ್ತುತ್ತ ಮೊದಲು ಫಿಲ್ಟರಿನ, ನಂತರ ಪಂಪಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಬಿಗಿಯಿರಿ. ಕೊನೆಗೆ ಇಂಜೆಕ್ಟರ್ ಕಡೆಯ ಪೈಪ್ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸ್ಟಾರ್ಟರಿಗೆ ವಿಶ್ರಾಂತಿ ಕೊಡಿ. ಡೀಸೆಲ್ ಬಂದ ಮೇಲೆ ಬಿಗಿದು ಸ್ಟಾರ್ಟ್ ಮಾಡಿ, ರಟ್ಟು ಹಿಡಿದು ಸೋರಿಕೆ ನೋಡಿ.

ಆಯಿಲಿಗೆ ಡೀಸೆಲ್ ಬೆರೆತಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಎರಡೂ ಬದಲಾಗಿರಬೇಕು. ಹೊಲದಲ್ಲಿ ಬ್ಯಾರೆಲ್‌ನಿಂದ ಡೀಸೆಲ್ ತುಂಬುವವರು ಬ್ಯಾರೆಲ್ ಅಲುಗಿಸದೆ ಒಂದು ರಾತ್ರಿ ಬಿಟ್ಟು, ಪೈಪಿನ ಬಾಯಿ ತಳದಿಂದ ನಾಲ್ಕು ಬೆರಳು ಮೇಲಿಟ್ಟು ಎಳೆಯಿರಿ. ಕೆಳಗುಳಿದ ನೀರು, ಕೆಸರಿನ ಡೀಸೆಲ್ ಟ್ಯಾಂಕಿಗೆ ಹೋಗಕೂಡದು.