ಗಾಲ್ಫ್ ಕೋರ್ಸಿನ ಉಬ್ಬುತಗ್ಗು ಫೋಟೊದಲ್ಲಿ ಕಾಣುವಂತೆ ಮಾಡುವುದು ಹೇಗೆ?

ಗಾಲ್ಫ್ ಕೋರ್ಸಿನ ಫೋಟೊ ಯಾರಾದರೂ ತೋರಿಸಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಈ ಗ್ರೀನ್ (ಹುಲ್ಲು ನುಣ್ಣಗೆ ಕತ್ತರಿಸಿ ಬಾವುಟ ನೆಟ್ಟ ಜಾಗ) ಮೇಲೆ ಚೆಂಡು ಎಡಕ್ಕೆ ತಿರುಗುತ್ತದೋ ಬಲಕ್ಕೋ? ಹೆಚ್ಚಿನ ಫೋಟೊಗಳಲ್ಲಿ ಉತ್ತರ ಸಿಗುವುದಿಲ್ಲ. ಹಸಿರು ಜಮಖಾನ ಹಾಸಿದ ಹಾಗೆ ನೆಲ ಸಪಾಟು, ಮೇಲೆ ನೀಲಿ ಆಕಾಶ, ನಡುವೆ ಕಡ್ಡಿಯಂಥ ಬಾವುಟ. ತೆಗೆದವರ ಕ್ಯಾಮೆರಾ ಒಳ್ಳೆಯದೇ ಇರುತ್ತದೆ. ಹೋದ ಹೊತ್ತು ತಪ್ಪು, ನಿಂತ ಜಾಗ ತಪ್ಪು. ನಾನು ಹೊಟ್ಟೆಪಾಡಿಗೆ ಈ ಕೋರ್ಸ್‌ಗಳ ಫೋಟೊ ತೆಗೆಯುತ್ತೇನೆ, ರಜೆ ಸಿಕ್ಕರೆ ಅಲ್ಲೇ ಆಡುತ್ತೇನೆ. ಆಡುವಾಗ ಕಾಲಿಗೆ ತಿಳಿಯುವ ಉಬ್ಬು ಫೋಟೊದಲ್ಲಿ ಮಾಯವಾದರೆ ಹೊಟ್ಟೆ ಉರಿಯುತ್ತದೆ.

ಮೊದಲು ಕ್ಯಾಮೆರಾ ಬಿಟ್ಟು ಒಂದು ಸುತ್ತು

ಆಡಲು ಬಂದರೆ ಆಡಿ, ಬರದಿದ್ದರೆ ನಡೆಯಿರಿ. ಪ್ರತಿ ಗ್ರೀನ್ ತಲುಪಿದ ಮೇಲೆ ಒಮ್ಮೆ ತಿರುಗಿ ನೋಡಿ. ಯಾವ ಹೋಲ್ (ಮೊದಲ ಹೊಡೆತದ ಜಾಗದಿಂದ ಗ್ರೀನ್‌ವರೆಗಿನ ಪಟ್ಟಿ) ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. 18 ಹೋಲ್‌ಗಳಲ್ಲಿ ಆರೇಳು ಚೆನ್ನಾಗಿ ಬಂದರೆ ಸಾಕು.

ಗ್ರೀನ್‌ಕೀಪರ್ ಹತ್ತಿರ ಮಾತಾಡಿ

ಅನುಮತಿ ಕೊಡುವುದು ಮ್ಯಾನೇಜರ್. ಆದರೆ ನಿಮಗೆ ಬೇಕಾದ ವಿಷಯವೆಲ್ಲ ಗೊತ್ತಿರುವುದು ಹುಲ್ಲು ನೋಡಿಕೊಳ್ಳುವ ಗ್ರೀನ್‌ಕೀಪರ್‌ಗೆ. ಗ್ರೀನ್‌ಗೆ ತೂತು ಹೊಡೆದು ಮರಳು ತುಂಬುವುದು ಯಾವಾಗ ಎಂದು ಮೊದಲು ಕೇಳಿ. ಅದಾದ ಮೇಲೆ ಕೆಲವು ದಿನ ಗ್ರೀನ್ ಮೇಲೆಲ್ಲ ಸಿಡುಬಿನ ಕಲೆ ಬಿದ್ದ ಹಾಗೆ ಕಾಣುತ್ತದೆ. ಹುಲ್ಲು ಎಷ್ಟೊತ್ತಿಗೆ ಕತ್ತರಿಸುತ್ತಾರೆ, ಬಂಕರ್ ಎನ್ನುವ ಗುಂಡಿಗಳ ಮರಳನ್ನು ಯಾವಾಗ ಬಾಚುತ್ತಾರೆ, ನಾಳೆ ಚೆಂಡು ಬೀಳುವ ಕುಳಿ (ಅದಕ್ಕೂ ಹೋಲ್ ಎಂದೇ ಹೆಸರು) ಎಲ್ಲಿ ತೋಡುತ್ತಾರೆ, ಇವನ್ನೂ ಕೇಳಿ. ಮುಖ್ಯವಾಗಿ, ಸ್ಪ್ರಿಂಕ್ಲರ್ ಎಷ್ಟು ಗಂಟೆಗೆ ಶುರುವಾಗುತ್ತದೆ? ಇದೊಂದನ್ನು ಕೇಳಲು ಮರೆತು ನಾನು ಒಮ್ಮೆ ನಸುಕಿನಲ್ಲಿ ಟ್ರೈಪಾಡ್ ಹೂಡಿ ನಿಂತಿದ್ದೆ. ಕಾಲ ಬುಡದಲ್ಲೇ ಟಕ್ ಎಂದು ನಳಿಕೆ ಮೇಲೆದ್ದಿತು. ಕ್ಯಾಮೆರಾ ಕೊಡವಿ ಒರೆಸಿ ಮುಗಿಸುವಷ್ಟರಲ್ಲಿ ಸೂರ್ಯ ಮರದ ಮೇಲಿದ್ದ.

ಬೆಳಕು: ಎಲ್ಲರೂ ಎಡವುವುದು ಇಲ್ಲೇ

ಗ್ರೀನ್ ಮೇಲಿನ ಇಳಿಜಾರು ತೀರಾ ಸಣ್ಣದು. 3 ಡಿಗ್ರಿ ಇದ್ದರೆ ಪಟ್ ಮಾಡುವವರಿಗೆ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವವರಿಗೆ, ಬೆವರು ಬರುತ್ತದೆ. ಅಷ್ಟು ಸಣ್ಣ ಓರೆ ನೆರಳು ಬೀಳಿಸುವುದಿಲ್ಲ. ಅದು ಕಾಣುವುದು ಒಂದು ಕಡೆ ಬೆಳಕು ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬಿದ್ದಾಗ. ಸೂರ್ಯ 60 ಡಿಗ್ರಿ ಮೇಲಿದ್ದಾನೆ ಎಂದುಕೊಳ್ಳಿ. ಆಗ 3 ಡಿಗ್ರಿ ಉಬ್ಬಿನ ಎರಡು ಬದಿಗಳ ನಡುವೆ ಬೆಳಕಿನ ವ್ಯತ್ಯಾಸ ನೂರಕ್ಕೆ ಆರರಷ್ಟು ಮಾತ್ರ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಸೂರ್ಯ 10 ಡಿಗ್ರಿಗೆ ಇಳಿದರೆ, ಬಿಸಿಲಿಗೆ ಮುಖ ಕೊಟ್ಟ ಬದಿಗೆ ಬೆನ್ನು ಕೊಟ್ಟ ಬದಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೆಳಕು. ಮಧ್ಯಾಹ್ನ ತೆಗೆದ ಫೋಟೊವನ್ನು ಕಂಪ್ಯೂಟರಿನಲ್ಲಿ ಎಷ್ಟು ತಿಕ್ಕಿದರೂ ಇದು ಬರುವುದಿಲ್ಲ.

10 ಡಿಗ್ರಿ ಅಳೆಯಲು ಯಂತ್ರ ಬೇಡ. ಕೈ ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದು ಮುಷ್ಟಿ ಎತ್ತರಕ್ಕೆ ಸೂರ್ಯ ಬರುವವರೆಗೆ ನಿಮ್ಮ ಹೊತ್ತು. ಎರಡು ಮುಷ್ಟಿ ದಾಟಿದರೆ ಗಂಟುಮೂಟೆ ಕಟ್ಟಿ, ತಿಂಡಿಗೆ ಹೋಗಿ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಅವನು ನೆಟ್ಟಗೆ ಮೇಲೇರುವ ಸಮಭಾಜಕದ ಹತ್ತಿರದ ಊರುಗಳಲ್ಲಿ ಆ ಒಂದು ಮುಷ್ಟಿ 40 ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಒಂದು ಬೆಳಗ್ಗೆ ಎರಡು ಹೋಲ್, ಹೆಚ್ಚೆಂದರೆ ಮೂರು. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ 10 ಗಂಟೆ ಹೊತ್ತಿಗೆ ಓರೆಯಾಗಿ, ನಿಧಾನವಾಗಿ ಮುಳುಗುತ್ತಾನೆ. ಅಲ್ಲಿನ ಓಲ್ಡ್ ಕೋರ್ಸ್ ಮಧ್ಯಾಹ್ನ ನೋಡಿದರೆ ಬಯಲು. ಆ ಇಳಿಬಿಸಿಲಿನಲ್ಲಿ ನೋಡಿದರೆ ಮುದುಡಿಟ್ಟ ಬೆಡ್‌ಶೀಟಿನ ಹಾಗೆ ಮಡಿಕೆ ಮಡಿಕೆ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ, ಜನ ವಾಕಿಂಗ್ ಬರುತ್ತಾರೆ. ಉಬ್ಬುತಗ್ಗನ್ನು ನಿಧಾನವಾಗಿ ನೋಡಿಕೊಳ್ಳಲು ಒಳ್ಳೆಯ ದಿನ.

ಹೊತ್ತು ಸರಿಯಾದರೆ ಅರ್ಧ ಕೆಲಸ ಆಯಿತು. ಉಳಿದರ್ಧ ದಿಕ್ಕು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆಯಬೇಕು ಎಂದು ನಮಗೆಲ್ಲ ಯಾರೋ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಗಾಲ್ಫ್ ಕೋರ್ಸಿನಲ್ಲಿ ಅದನ್ನು ಮರೆತುಬಿಡಿ. ನೆರಳೆಲ್ಲ ಉಬ್ಬಿನ ಹಿಂದೆ ಅಡಗಿ ನೆಲ ಮತ್ತೆ ಸಪಾಟಾಗುತ್ತದೆ. ಬೆಳಕು ಪಕ್ಕದಿಂದ ಬರಬೇಕು. ಇನ್ನೂ ಚೆಂದ ಬೇಕಾದರೆ ಪಕ್ಕಕ್ಕಿಂತ ಸ್ವಲ್ಪ ಎದುರಿನಿಂದ ಬರಲಿ. ಆಗ ಬಂಕರಿನ ಅಂಚಿನ ನೆರಳು ನಿಮ್ಮ ಕಡೆ ಚಾಚುತ್ತದೆ, ಹುಲ್ಲಿನ ಎಸಳಿನೊಳಗಿಂದ ಬೆಳಕು ಹಾದು ಬರುತ್ತದೆ. ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಟೋಪಿ ಅಡ್ಡ ಹಿಡಿಯಿರಿ. ಫೋಟೊಪಿಲ್ಸ್‌ನಂಥ ಆ್ಯಪ್‌ನಲ್ಲಿ ಯಾವ ದಿನ ಸೂರ್ಯ ಎಲ್ಲಿಂದ ಬರುತ್ತಾನೆ ಎಂದು ಮೊದಲೇ ನೋಡಬಹುದು. ಆದರೆ ಗ್ರೀನ್ ಹಿಂದಿನ ಮರದ ಸಾಲು ಆ್ಯಪ್‌ಗೆ ಗೊತ್ತಿರುವುದಿಲ್ಲ. ಅದಕ್ಕೇ ಮೊದಲ ದಿನ ನಡೆಯಿರಿ ಎಂದಿದ್ದು.

ಇಬ್ಬನಿ ಬಗ್ಗೆ ಒಂದು ಮಾತು. ಇಬ್ಬನಿ ಬಿದ್ದ ಗ್ರೀನ್ ಎಳೆಬಿಸಿಲಿನಲ್ಲಿ ಬೆಳ್ಳಿಯ ತಟ್ಟೆ. ಅದರ ಮೇಲೆ ಇಟ್ಟ ಒಂದೊಂದು ಹೆಜ್ಜೆಯೂ ಗಾಢ ಹಸಿರಿನ ಅಚ್ಚಾಗಿ ಉಳಿಯುತ್ತದೆ. ಬಾವುಟ ನೆಟ್ಟಗಿದೆಯಾ ಎಂದು ನೋಡಲು ಒಮ್ಮೆ ಸುಮ್ನೆ ಹೋಗಿ ಬಂದೆ. ಮನೆಗೆ ಬಂದು ನೋಡಿದರೆ ಫೋಟೊದ ಅಡ್ಡಕ್ಕೆ ನನ್ನದೇ ಕಾಲಿನ ಸಾಲು, ಹೋಗಿದ್ದು ಒಂದು, ಬಂದಿದ್ದು ಒಂದು. ಏನಾದರೂ ಸರಿಮಾಡುವುದಿದ್ದರೆ ಗ್ರೀನ್ ಹಿಂದಿನಿಂದ ಸುತ್ತಿ ಬನ್ನಿ.

ಎತ್ತರ: ಏಣಿ ಹೊರಲು ನಾಚಬೇಡಿ

ಕಣ್ಣಿನ ಮಟ್ಟ ಎಂದರೆ ನೆಲದಿಂದ 1.6 ಮೀಟರ್. ಅಲ್ಲಿಂದ ದೂರದ ಗ್ರೀನ್ ಬರೀ ಒಂದು ಗೆರೆ, ಬಂಕರಿನ ಮರಳು ಕಾಣುವುದೇ ಇಲ್ಲ. ಕ್ಯಾಮೆರಾವನ್ನು 5 ಮೀಟರಿಗೆ ಏರಿಸಿದರೆ ಅದೇ ಗ್ರೀನ್ ಚಿತ್ರದಲ್ಲಿ ಸುಮಾರು ಮೂರು ಪಟ್ಟು ದಪ್ಪ ಕಾಣುತ್ತದೆ. ಮಡಿಸುವ ಏಣಿ ಒಂದಿದ್ದರೆ 3 ಮೀಟರ್ ದಾಟಬಹುದು. ಉದ್ದ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಫೋನಿನಿಂದ ಒತ್ತಿದರೆ 5 ಮೀಟರೂ ಸಿಗುತ್ತದೆ. ಗಾಳಿ ಇದ್ದ ದಿನ ಮಾತ್ರ ಕೋಲಿನ ಸಹವಾಸ ಬೇಡ. ಏಣಿಯ ಕಾಲಿಗೆ ಅಗಲದ ಹಲಗೆ ಕೊಡಿ, ಗ್ರೀನ್ ಮೇಲಂತೂ ಇಡಲೇಬೇಡಿ.

ಡ್ರೋನ್ ಇದೆಯಲ್ಲ ಎನ್ನುತ್ತೀರಿ. ಇದೆ, ನಾನೂ ಹಾರಿಸುತ್ತೇನೆ. ಹಲವು ದೇಶಗಳಲ್ಲಿ 120 ಮೀಟರ್‌ವರೆಗೆ ಹಾರಿಸಬಹುದು ಎಂದಾಕ್ಷಣ ಎಲ್ಲರೂ ಅಲ್ಲಿಗೇ ಏರಿಸುತ್ತಾರೆ. ಅಲ್ಲಿಂದ ಸಿಗುವುದು ಫೋಟೊ ಅಲ್ಲ, ಸರ್ವೆ ನಕ್ಷೆ. 10ರಿಂದ 15 ಮೀಟರ್ ಸಾಕು. ಕ್ಲಬ್‌ನ ಒಪ್ಪಿಗೆ, ಆ ದೇಶದ ವಿಮಾನಯಾನ ನಿಯಮ ಎರಡನ್ನೂ ಮೊದಲೇ ನೋಡಿಕೊಳ್ಳಿ.

ಲೆನ್ಸ್ ಮತ್ತು ಸೆಟ್ಟಿಂಗ್

ಐಎಸ್‌ಒ 100, ಎಫ್/8, ಟ್ರೈಪಾಡ್, ರಾ ಫೈಲ್, ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ. ಎಕ್ಸ್‌ಪೋಶರ್ ಬಂಕರಿನ ಮರಳು ನೋಡಿ ಇಡಿ, ಮೊದಲು ಸುಟ್ಟುಹೋಗುವುದು ಅದೇ.

ವೈಡ್ ಲೆನ್ಸ್ ಹಾಕಿ ಇಡೀ ಹೋಲ್ ತುಂಬಿಸುವ ಆಸೆ ಬಿಡಿ. ಗ್ರೀನ್ ಎಲ್ಲೋ ದೂರ ಓಡಿಹೋಗುತ್ತದೆ, ಏರಿಳಿತ ಕರಗುತ್ತದೆ. ನನ್ನ ಹೆಚ್ಚಿನ ಕೆಲಸ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಲೆನ್ಸ್‌ನಲ್ಲಿ. ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಿಂದ ತೆಗೆಯುವಾಗ ಮಾತ್ರ ಹೆಚ್ಚುಕಮ್ಮಿ ಕಣ್ಣಿಗೆ ಕಂಡ ಹಾಗೇ ತೋರಿಸುವ 50 ಎಂಎಂ. ಅದಕ್ಕೆ ಕಾರಣ ಇದೆ. ಕೆಲವು ವಿನ್ಯಾಸಕಾರರು ಟೀ ಮೇಲೆ ನಿಂತವರ ಕಣ್ಣಿಗೆ ಮೋಸ ಮಾಡುತ್ತಾರೆ. ಅಲಿಸ್ಟರ್ ಮೆಕೆಂಜಿ ಮೂಲತಃ ಡಾಕ್ಟರ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೈನಿಕರು ನೆಲದಲ್ಲಿ ಮರೆಯಾಗುವ ರೀತಿ ನೋಡಿ, ಅದನ್ನೇ ಗಾಲ್ಫ್ ಕೋರ್ಸ್ ಕಟ್ಟಲು ಬಳಸಿದರು. ಗ್ರೀನ್‌ಗೆ ತಾಗಿಕೊಂಡಂತೆ ಕಾಣುವ ಬಂಕರ್ ನಿಜಕ್ಕೂ ಎಷ್ಟೋ ಈಚೆ ಇರಬಹುದು. ಆ ಮೋಸ ಆಟಗಾರನಿಗೆ ಎಷ್ಟು ಕಾಣುತ್ತದೋ ಫೋಟೊದಲ್ಲೂ ಅಷ್ಟೇ ಇರಲಿ.

ಪೋಲರೈಸರ್ ಫಿಲ್ಟರ್ ಇರಲಿ, ಎಲೆ ಮೇಲಿನ ಹೊಳಪು ತೆಗೆದು ಹಸಿರನ್ನು ಗಟ್ಟಿ ಮಾಡುತ್ತದೆ. ಸೂರ್ಯನಿಗೆ 90 ಡಿಗ್ರಿ ಪಕ್ಕಕ್ಕೆ ತಿರುಗಿದಾಗ ಅದರ ಕೆಲಸ ಜೋರು. ಅಗ್ಗದ್ದು ಮಾತ್ರ ಕೊಳ್ಳಬೇಡಿ. ನನ್ನ ಮೊದಲ ಫಿಲ್ಟರ್ ಬಿಳಿ ಮರಳನ್ನೆಲ್ಲ ಹಳದಿ ಮಾಡಿತ್ತು.

ಬಾವುಟ, ಆಟಗಾರರು

ಬಾವುಟದ ಹಿಂದೆ ಕಪ್ಪು ಮರ ಬರುವಂತೆ ಎರಡು ಹೆಜ್ಜೆ ಸರಿಯಿರಿ. ಗಾಳಿಗೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಯಾರಾದರೂ ಹೊಡೆಯಲು ನಿಂತಿದ್ದರೆ ಶಟರ್ ಸದ್ದು ಬೇಡ, ಸೈಲೆಂಟ್ ಮೋಡ್ ಹಾಕಿ. ಪಟ್ ಮಾಡುವವರ ಚೆಂಡಿಗೂ ಹೋಲ್‌ಗೂ ನಡುವೆ ಕಾಲಿಡಬೇಡಿ.

ಕಂಪ್ಯೂಟರ್ ಮುಂದೆ

ಹಸಿರಿನ ಸ್ಲೈಡರ್ ಎಳೆಯುವುದು ದೊಡ್ಡ ತಪ್ಪು. ಫೋಟೊದಲ್ಲಿ ಹುಲ್ಲಿನ ಬಣ್ಣ ಬಹುಪಾಲು ಹಳದಿ. ಹಳದಿಯನ್ನು ಚೂರು ಹಸಿರಿನ ಕಡೆ ಸರಿಸಿ, ಗಾಢತೆಯನ್ನು ಒಂದಿಷ್ಟು ಇಳಿಸಿ, ಕೈ ತೆಗೆಯಿರಿ. ಆಕಾಶ ಬದಲಿಸುವ ಬಟನ್ ಮುಟ್ಟಬೇಡಿ. ಬಂಕರಿನ ನೆರಳು ಎಡಕ್ಕೆ, ಆಕಾಶದ ಸೂರ್ಯನೂ ಎಡಕ್ಕೆ ಇರುವ ಪೋಸ್ಟರ್‌ಗಳನ್ನು ಕ್ಲಬ್‌ಗಳ ಗೋಡೆ ಮೇಲೆ ನೋಡಿದ್ದೇನೆ. ಕೊನೆಗೆ ಪೂರ್ತಿ ಹಿಗ್ಗಿಸಿ ಮೂಲೆ ಮೂಲೆ ನೋಡಿ. ಬಿದ್ದ ಚೆಂಡಿನ ಗುಳಿ, ಮರೆತುಹೋದ ನೀರಿನ ಪೈಪು, ಬಂಕರಿನ ಹೆಜ್ಜೆ ಗುರುತು, ಇವನ್ನು ಅಳಿಸಬಹುದು. ಅಡ್ಡ ಬಂದ ಮರವನ್ನು ಅಳಿಸುವಂತಿಲ್ಲ. ಫೋಟೊ ನೋಡಿ ಆಡಲು ಬಂದವನ ಚೆಂಡು ಅದೇ ಮರಕ್ಕೆ ಹೊಡೆಯುತ್ತದೆ.