ರಿಮೋಟ್ ಹಾಯಿದೋಣಿ ಚಾಂಪಿಯನ್‌ಶಿಪ್: ಯಾವ ಪದ್ಧತಿ ಎಂಬ ತಕರಾರನ್ನು ಲೆಕ್ಕದಲ್ಲಿ ಮುಗಿಸುವುದು ಹೇಗೆ

ದಡದಿಂದ ರಿಮೋಟಿನಲ್ಲಿ ನಡೆಸುವ ಹಾಯಿದೋಣಿಗಳ ಸ್ಪರ್ಧೆ ಯಾವ ಪದ್ಧತಿಯಲ್ಲಿ ಎಂದು ಗೊತ್ತುಮಾಡುವ ಸಭೆ ಕರೆಯುವ ಮೊದಲೇ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದಿಡಿ: ದೋಣಿ ಎಷ್ಟು, ದಿನಕ್ಕೆ ನಂಬಬಹುದಾದ ಗಾಳಿ ಎಷ್ಟು ನಿಮಿಷ, ಒಂದು ಓಟಕ್ಕೆ ಎಷ್ಟು ನಿಮಿಷ. ಇವಿಲ್ಲದೆ ಕೂತರೆ ಜೋರು ಗಂಟಲಿನವರ ಪದ್ಧತಿಯೇ ಗೆಲ್ಲುತ್ತದೆ.

ಉದಾಹರಣೆಗೆ ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ 36 ದೋಣಿ, ಮೂರು ದಿನ, ಜಾಗ ಕಾಸರಗೋಡಿನ ಕುಂಬಳೆ ಅಥವಾ ಶಿರಿಯದ ಅಳಿವೆ ಎಂದಿಟ್ಟುಕೊಳ್ಳಿ. ಮಳೆಗಾಲ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ ನಮ್ಮ ಕರಾವಳಿಗೆ ಬೆಳಗ್ಗೆ ಮೂಡುಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ. ನಡುವೆ ಒಂದು ಹೊತ್ತು ಹಾಯಿ ಅಲ್ಲಾಡುವುದೇ ಇಲ್ಲ. ಆದ್ದರಿಂದ ಬೆಳಗ್ಗಿನದನ್ನು ಮೀಸಲಿಟ್ಟು, 12ರಿಂದ 5.30ರವರೆಗಿನ 330 ನಿಮಿಷವನ್ನಷ್ಟೇ ಎಣಿಸಿ. ದೂರು ವಿಚಾರಣೆಗೆ 30 ತೆಗೆದರೆ ಉಳಿದದ್ದು 300.

ಇನ್ನು ವಾದಕ್ಕೆ ಇಳಿಯಬಹುದು.

ನಮ್ಮ ಕಡೆ ಮೊದಲು ಏಳುವ ಮಾತು ಕಂಬಳದ್ದು: ಗೆದ್ದವರು ಮುಂದೆ, ಸೋತವರು ಮನೆಗೆ. ಕೇಳಲಿಕ್ಕೆ ಚೆಂದ, ನೋಡುವವರಿಗೂ ಖುಷಿ. ಆದರೆ ಕಂಬಳದ ಎರಡು ಕರೆಗಳಲ್ಲಿ (ಕೋಣ ಓಡುವ ಹಾದಿಗಳಲ್ಲಿ) ಒಂದೇ ಕೆಸರು, ಒಂದೇ ದೂರ. ಹಾಯಿದೋಣಿಗೆ ಹಾಗಲ್ಲ. ಗಾಳಿ ಎಡಕ್ಕೆ ಹತ್ತು ಡಿಗ್ರಿ ಹೊರಳಿದರೆ ಎಡದಂಡೆಯಲ್ಲಿದ್ದವನು ಮುಂದೆ, ಬಲಕ್ಕೆ ಹೋದವನು ಹಿಂದೆ. ಸಾವಿರ ಕಿಲೋಮೀಟರ್ ದಾಟಿ ಬಂದವನನ್ನು ಅಂಥ ಒಂದು ಹೊರಳಿಗೆ ಮನೆಗೆ ಕಳಿಸುವುದು ನ್ಯಾಯವಲ್ಲ. ಎಲ್ಲರೂ ಎಲ್ಲರೊಡನೆ ಒಬ್ಬೊಬ್ಬರಾಗಿ ಸೆಣಸಲಿ ಎಂದರೆ 630 ಪಂದ್ಯ ಆಗುತ್ತದೆ. ಹತ್ತು ನಿಮಿಷಕ್ಕೊಂದರಂತೆ 105 ಗಂಟೆ. ಹಲಗೆಯ ಮೇಲೆ ಬರೆದು ತೋರಿಸಿ, ಆ ವಾದ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು: 36ನ್ನೂ ಒಟ್ಟಿಗೇ ಬಿಡೋಣ. ಒಂದು ಮೀಟರ್ ದೋಣಿಗೆ ಪ್ರಾರಂಭದ ಗೆರೆಯಲ್ಲಿ ಸುಮಾರು 1.3 ಮೀಟರ್ ಜಾಗವಾದರೂ ಬೇಕು ಎಂದರೆ ಗೆರೆ 47 ಮೀಟರ್ ಆಗುತ್ತದೆ. ಆಟಗಾರರು ದಡದಲ್ಲಿ ನಿಂತು ನೋಡುವವರು. ಅಷ್ಟು ದೂರದ ತುದಿಯಲ್ಲಿ ಯಾರ ಮೂತಿ ಗೆರೆ ದಾಟಿತೆಂದು ಯಾರಿಗೂ ಹೇಳಲಾಗದು. ಮತ್ತೆ ಮತ್ತೆ ಮರುಪ್ರಾರಂಭ, ಗಂಟೆಗೆ ಒಂದು ಓಟ. 20 ದೋಣಿವರೆಗೆ ಒಂದೇ ಗುಂಪು ಸಾಕು, ಅದಕ್ಕಿಂತ ಹೆಚ್ಚಾದರೆ ಹೀಟ್ ಮಾಡಲೇಬೇಕು, ಅಂದರೆ ಗುಂಪು ಗುಂಪಾಗಿ ಓಡಿಸಬೇಕು.

ಹೀಟ್ ಅಂದರೆ ಇಲ್ಲಿ ಎಚ್‌ಎಂಎಸ್, ಅಂದರೆ ಹೀಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಸಭೆಯಲ್ಲಿ ಅರ್ಧ ಗೊಂದಲ ಇದು ಅರ್ಥವಾಗದ್ದರಿಂದಲೇ ಆಗುವುದು. ಹುಣಿಸೆಬೀಜ ಹರಡಿ ತೋರಿಸಿ. ಮೊದಲ ಓಟಕ್ಕೆ 18–18ರ ಎರಡು ಗುಂಪು. ಪ್ರತಿ ಗುಂಪಿನ ಮೊದಲ 8 ಮಂದಿ ಎ ಹೀಟಿಗೆ, ಅಂದರೆ 16. ಉಳಿದ 20 ಬಿ ಹೀಟಿಗೆ. ಎರಡನೇ ಓಟದಿಂದ ಬಿ ಮೊದಲು ಓಡುತ್ತದೆ. ಅದರ ಮೊದಲ 4 ದೋಣಿಗಳು ಆಗಲೇ ಎ ಸೇರಿ ಓಡುತ್ತವೆ: 16+4=20. ಎಯ ಕೊನೆಯ 4 ಮುಂದಿನ ಓಟದಲ್ಲಿ ಬಿಗೆ ಇಳಿಯುತ್ತವೆ: 16+4=20. ಎ ಹೀಟಿನವರಿಗೆ 1ರಿಂದ 20, ಬಿಯಲ್ಲಿ ಉಳಿದವರಿಗೆ 21ರಿಂದ 36. ಅಂಕ ಕಡಿಮೆ ಇದ್ದವನೇ ಮುಂದೆ.

“ಬಿಗೆ ಬಿದ್ದವನು ಏಳುವುದೇ ಇಲ್ಲ” ಎಂಬ ಆಕ್ಷೇಪ ಬಂದೇ ಬರುತ್ತದೆ. ಬಿಯಿಂದ ಏರಿದವನು ಅದೇ ಓಟವನ್ನೇ ಗೆಲ್ಲಬಹುದು ಎಂಬುದನ್ನು ಬೀಜಗಳಲ್ಲೇ ತೋರಿಸಿ. ನಿಜವಾದ ಕಷ್ಟ ಬೇರೆ: ಏರಿದ ನಾಲ್ವರು ಸಾಲಾಗಿ ಎರಡು ಸಲ ಓಡಬೇಕು. ಬ್ಯಾಟರಿ 40 ನಿಮಿಷ ತಾಳಬೇಕು, ಗಾಳಿ ಏರಿದರೆ ದೊಡ್ಡ ರಿಗ್ (ಕಂಬ–ಹಾಯಿಗಳ ಜೋಡಣೆ) ತೆಗೆದು ಚಿಕ್ಕದನ್ನು ಹಾಕಲು ಸಮಯ ಬೇಕು, ದೋಣಿಯಡಿಯ ಫಿನ್ನಿಗೆ ಸುತ್ತಿದ ಪಾಚಿ ಬಿಡಿಸಬೇಕು. ನಡುವೆ 5 ನಿಮಿಷಕ್ಕಿಂತ ಕಡಿಮೆ ಕೊಟ್ಟರೆ ದೂರು ಬರುವುದು ಖಂಡಿತ.

ಓಡಲು 15, ನಡುವೆ 5, ಎರಡು ಹೀಟಿಗೆ 40 ನಿಮಿಷ. 300ರಲ್ಲಿ ದಿನಕ್ಕೆ 7 ಓಟ, ಮೂರು ದಿನಕ್ಕೆ 21. 4 ಓಟಕ್ಕೆ ಒಂದು ಕೆಟ್ಟ ಫಲಿತಾಂಶ ಬಿಡಬಹುದು, 8ಕ್ಕೆ ಎರಡು, 16ಕ್ಕೆ ಮೂರು. ಇಲ್ಲಿ ವಾದಕ್ಕೆ ಜಾಗ ಇದೆ: ಗಾಳಿ ಕೈಕೊಟ್ಟು 7 ಓಟ ಮಾತ್ರ ಆದರೆ ಅದು ಚಾಂಪಿಯನ್‌ಶಿಪ್ ಎನಿಸಿಕೊಳ್ಳಬೇಕೇ? ಕನಿಷ್ಠ ಸಂಖ್ಯೆಯನ್ನು ಪ್ರವೇಶ ತೆರೆಯುವ ಮುನ್ನವೇ ಬರೆದಿಡಿ. ಆಮೇಲೆ ನಿರ್ಧರಿಸಿದರೆ ಮುಂದಿದ್ದವನಿಗೆ ಒಂದು ನ್ಯಾಯ, ಹಿಂದಿದ್ದವನಿಗೆ ಇನ್ನೊಂದು.

ಹೀಟ್ ಪದ್ಧತಿಯ ಇನ್ನೊಂದು ಲಾಭ ಕೆಲಸದ ಕೈ. ಬಿ ಓಡುವಾಗ ಎಯ 16 ಮಂದಿ ದಡದಲ್ಲಿ ಖಾಲಿ. ಅವರಲ್ಲಿ ನಾಲ್ವರನ್ನು ಘರ್ಷಣೆ ನೋಡಲು, ಇಬ್ಬರನ್ನು ಮುಕ್ತಾಯದ ಗೆರೆಯಲ್ಲಿ ಬರೆಯಲು ನಿಲ್ಲಿಸಿ. ರೇಡಿಯೋ ಹಾಯಿದೋಣಿಗೆ ಮಾರ್ಕ್ (ದೋಣಿಗಳು ಬಳಸಿ ಹೋಗಬೇಕಾದ ಗುರುತು) ಸುತ್ತಲಿನ ವಲಯ ನಾಲ್ಕು ದೋಣಿಯುದ್ದ, ದೊಡ್ಡ ದೋಣಿಗಳಂತೆ ಮೂರಲ್ಲ. ತಪ್ಪಿಗೆ ದಂಡ: ದೋಣಿ ಒಂದು ಸುತ್ತು ತಿರುಗಬೇಕು. ಹೊಸಬ ವೀಕ್ಷಕರಿಗೆ ಇವೆರಡನ್ನು ಮೊದಲು ಹೇಳಿ. ಕೂಗುವಾಗ ಹಾಯಿಯ ಸಂಖ್ಯೆಯನ್ನೂ ಸೇರಿಸಿ ಕೂಗಬೇಕು. ಕನ್ನಡ, ತುಳು, ಮಲಯಾಳ ಎಲ್ಲ ಬೆರೆತ ದಡ, ಸಾಲದ್ದಕ್ಕೆ ಹೊರರಾಜ್ಯದವರು. ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿಯಾಗಿ ಹೇಳುವುದೆಂದು ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಮೂವತ್ತಾರೋ ಅರವತ್ತಮೂರೋ ಎಂಬಲ್ಲೇ ದೂರು ಹುಟ್ಟುತ್ತದೆ.

ಅಳಿವೆಯ ನೀರಿನ ಬಗ್ಗೆ ಬೇರೆ ಊರಿನವರು ಯೋಚಿಸಿರುವುದಿಲ್ಲ, ಅದನ್ನು ಎತ್ತಬೇಕಾದವರು ನೀವೇ. ಭರತ–ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನ ಒಳಹರಿವಿನಲ್ಲಿ ಓಡಿದ ಗುಂಪು ಮೂರನೇ ದಿನ ಅದೇ ಗಂಟೆಗೆ ನಿಂತ ನೀರಿನಲ್ಲಿರಬಹುದು. ಹಾಗಾಗಿ ಒಂದು ಹೀಟಿನ ಸಮಯವನ್ನು ಇನ್ನೊಂದರದಕ್ಕೆ ಹೋಲಿಸುವ ಯಾವ ಪದ್ಧತಿಯೂ ಇಲ್ಲಿ ಸಲ್ಲದು, ಸ್ಥಾನ ಮಾತ್ರ ಎಣಿಸಿ. ದೋಣಿ 42 ಸೆಂ.ಮೀ.ವರೆಗೆ ಆಳ ಇಳಿಯುವುದರಿಂದ ಇಳಿತದ ತಳದಲ್ಲೂ 80 ಸೆಂ.ಮೀ. ನೀರು ಇರುವೆಡೆಯೇ ಮಾರ್ಕ್ ಇಡಿ. ಮರುವಾಯಿ (ಚಿಪ್ಪುಮೀನು) ಹೆಕ್ಕುವವರನ್ನೂ ಬಲೆ ಹಾಕುವವರನ್ನೂ ಮೊದಲೇ ಕೇಳಿ ಜಾಗ ಗೊತ್ತುಮಾಡಿ.

ಮತಕ್ಕೆ ಹಾಕುವುದು ಇಷ್ಟನ್ನೇ: ಏರುವವರು 4ಓ 6ಓ, ಕನಿಷ್ಠ ಓಟ ಎಷ್ಟು, ಕೊನೆಯ ದಿನ ಎಷ್ಟು ಗಂಟೆಯ ನಂತರ ಹೊಸ ಓಟ ಇಲ್ಲ. ಮೊದಲ ಎಂಟು ಮಂದಿಗೆ ಪ್ರತ್ಯೇಕ ಜೋಡಿ ಪಂದ್ಯ ಬೇಕೆನ್ನುವವರಿದ್ದರೆ 28 ಪಂದ್ಯ, 280 ನಿಮಿಷ, ಒಂದು ಇಡೀ ಮಧ್ಯಾಹ್ನ. ಅದಕ್ಕೆ 7 ಓಟ ಬಿಟ್ಟುಕೊಡಲು ತಯಾರೇ ಎಂದು ಕೇಳಿ, ಕೈ ಎತ್ತಿಸಿ, ಅಲ್ಲೇ ಬರೆದು ಸಹಿ ಹಾಕಿಸಿ.